ಹಳೆಯ ಗ್ಯಾಸ್ ಒಲೆ: ಗುಜರಿಗೆ ಹಾಕುವ ಮುನ್ನ

ಹೊಸ ಒಲೆ ಮನೆಗೆ ಬಂದ ದಿನ ಹಳೆಯ ಒಲೆಗೆ ಅಟ್ಟವೇ ಗತಿ. ವರ್ಷ ಕಳೆದರೆ ಗುಜರಿಯವನ ತಕ್ಕಡಿಯೇ ಗತಿ. ಇದು ಈಗ ನಮ್ಮ ಮನೆಗಳ ರೂಢಿಯಾಗಿದೆ. ಗಾಜಿನ ಹಲಗೆಯ ಹೊಳೆಯುವ ಒಲೆ ಅಂಗಡಿಯಿಂದ ಬರುತ್ತದೆ. ಎರಡು ತಲೆಮಾರಿಗೆ ಅನ್ನ ಬೇಯಿಸಿಕೊಟ್ಟ ಒಲೆ ತೂಕದ ಲೆಕ್ಕದಲ್ಲಿ ಹೊರಗೆ ಹೋಗುತ್ತದೆ. ಹಿತ್ತಾಳೆಯ ಬರ್ನರಿಗೆ ಒಂದು ದರ, ಬೀಡಿಗೆ ಇನ್ನೊಂದು ದರ. ಆ ಒಲೆ ಇನ್ನೂ ಉರಿಯಬಲ್ಲುದೇ ಎಂದು ಕೇಳುವವರು ಯಾರೂ ಇಲ್ಲ. ಕೇಳಬೇಕು ಎಂದು ವಿನಂತಿಸುವುದಕ್ಕಾಗಿಯೇ ಈ ಲೇಖನ.

ಅಡುಗೆಯ ಅನಿಲ ನಮ್ಮ ದೇಶಕ್ಕೆ ಬಹಳ ಹಿಂದಿನದೇನೂ ಅಲ್ಲ. ಮುಂಬಯಿಯಲ್ಲಿ ಬರ್ಮಾ ಶೆಲ್ ಕಂಪೆನಿ ಅದನ್ನು ಮಾರಲು ತೊಡಗಿದ್ದು 1955ರಲ್ಲಿ. ಇಂಡೇನ್‌ನ ಮೊದಲ ಸಂಪರ್ಕ ಕಲ್ಕತ್ತೆಯ ಮನೆಯೊಂದಕ್ಕೆ ದೊರೆತದ್ದು 1965ರಲ್ಲಿ. ಆ ಬಳಿಕವೂ ಸಣ್ಣ ಊರುಗಳವರು ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಬಡವರ ಅಡುಗೆಮನೆಗೆ ಸಿಲಿಂಡರ್ ಮುಟ್ಟಿಸುವ ಉಜ್ವಲಾ ಯೋಜನೆ ಉತ್ತರ ಪ್ರದೇಶದ ಬಲಿಯಾದಲ್ಲಿ ಆರಂಭವಾದದ್ದು 2016ರ ಮೇ 1ರಂದು. ಹೀಗಿರುವಾಗ 1970 ಮತ್ತು 80ರ ದಶಕಗಳಲ್ಲಿ ಬಂದ ಒಲೆಗಳು ನಮ್ಮ ಮನೆಗಳ ಮೊದಲ ತಲೆಮಾರಿನ ಗ್ಯಾಸ್ ಒಲೆಗಳೆಂದರೆ ತಪ್ಪಾಗದು. ಅವನ್ನು ಕೊಂಡವರು ದುಡ್ಡು ಕೂಡಿಟ್ಟು ಕೊಂಡರು. ಮಾಡಿದವರೂ ಕೆಟ್ಟರೆ ಬಿಚ್ಚಿ ಸರಿಪಡಿಸಬಹುದಾದಂತೆ ಮಾಡಿದರು.

ಹಳೆಯ ಒಲೆಯ ಮೇಲಿನ ಈ ಅಭಿಮಾನ ನಮ್ಮೊಬ್ಬರದೇ ಅಲ್ಲ. ಅಮೆರಿಕದಲ್ಲಿ ಮನೆಯ ಹಿತ್ತಿಲಲ್ಲಿಟ್ಟು ಬಳಸುವ 'ಗ್ಯಾಸ್ ಗ್ರಿಲ್' ಎಂಬ ಒಲೆಯೊಂದಿದೆ. ಗ್ಯಾಸಿನ ಉರಿಯ ಮೇಲೆ ಕಬ್ಬಿಣದ ಸರಳುಗಳನ್ನು ಜೋಡಿಸಿ ಮಾಂಸವನ್ನೋ ಜೋಳದ ತೆನೆಯನ್ನೋ ಸುಡುವ ಸಾಧನ ಅದು. ವೆಬರ್ ಕಂಪೆನಿ 1985ರಲ್ಲಿ ಹೊರತಂದ 'ಜೆನೆಸಿಸ್' ಎಂಬ ಗ್ರಿಲ್‌ಗಳನ್ನು ಹಳೆಯ ಸಾಮಾನುಗಳ ಮಾರಾಟದಲ್ಲಿ ಹುಡುಕಿ ತಂದು ಮರಳಿ ಉರಿಸುವುದೇ ಅಲ್ಲಿ ಹಲವರಿಗೆ ಒಂದು ಹವ್ಯಾಸ. ಅದರ ಎರಕದ ಅಲ್ಯೂಮಿನಿಯಂ ಪೆಟ್ಟಿಗೆ ತುಕ್ಕು ಹಿಡಿಯದು. ತುಕ್ಕು ಹಿಡಿದ ಸರಳು, ಸವೆದ ಬರ್ನರ್, ಗ್ಯಾಸಿನ ಕೊಳವೆ ಇವಿಷ್ಟನ್ನು ಬದಲಿಸಿ, ಬರ್ನರಿನ ನಳಿಗೆಯಲ್ಲಿ ಜೇಡ ಕಟ್ಟಿದ ಬಲೆ ತೆಗೆದರೆ ಆ ಗ್ರಿಲ್ ಮತ್ತೆ ಉರಿಯುತ್ತದೆ. ಆದರೆ ಸಿಲಿಂಡರಿನ ವಿಷಯದಲ್ಲಿ ಅಲ್ಲಿ ಈ ಮೋಹವಿಲ್ಲ. ಮಿತಿಮೀರಿ ತುಂಬದಂತೆ ತಡೆಯುವ ಕವಾಟವಿಲ್ಲದ ಹಳೆಯ ಗ್ರಿಲ್ ಸಿಲಿಂಡರುಗಳಿಗೆ 2002ರ ಏಪ್ರಿಲ್‌ನಿಂದ ಗ್ಯಾಸ್ ತುಂಬಿಕೊಡುವುದಿಲ್ಲ. ಒಲೆ ಹಳೆಯದಾಗಿರಬಹುದು, ಕವಾಟ ಹಳೆಯದಾಗಿರಬಾರದು ಎಂಬ ಈ ಭೇದವನ್ನು ನಾವು ಗಮನಿಸಬೇಕು.

ಇದೇ ವಿವೇಕವನ್ನು ನಾನು ಕಂಡದ್ದು ನನ್ನ ಹುಟ್ಟೂರಾದ ಗೋರಂಟ್ಲದಲ್ಲಿ. ಚಿತ್ರಾವತಿ ನದಿಯ ದಡದ ಈ ಊರು ಹಿಂದೂಪುರದ ಕಡೆಯದು. ಮೊದಲು ಅನಂತಪುರ ಜಿಲ್ಲೆಯಲ್ಲಿತ್ತು, 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಇಲ್ಲಿ ಮಲಯಾಳದ ನಡುವೆ ಕನ್ನಡವಿರುವಂತೆ ಅಲ್ಲಿ ತೆಲುಗಿನ ನಡುವೆ ಕನ್ನಡವಿದೆ. ಅಲ್ಲಿನ ಪೇಟೆಯಲ್ಲಿ ಸ್ಟವ್ ರಿಪೇರಿ ಮಾಡುವ ಹಿರಿಯರೊಬ್ಬರು ಗಿರಾಕಿಯ ಮುಖ ನೋಡಿ ಕನ್ನಡದಲ್ಲೋ ತೆಲುಗಿನಲ್ಲೋ ಮಾತನಾಡುತ್ತಾರೆ. ಗುಜರಿ ಅಂಗಡಿಗೆ ಬಂದ ಒಲೆಗಳಲ್ಲಿ ಒಳ್ಳೆಯದನ್ನು ಆರಿಸಿ ತಂದು, ಬಿಚ್ಚಿ ತೊಳೆದು, ಜೋಡಿಸಿ ಮಾರುತ್ತಾರೆ. ಹಿತ್ತಾಳೆಯ ಬರ್ನರನ್ನು ಹುಣಿಸೆಹಣ್ಣಿನ ನೀರಿನಲ್ಲಿ ನೆನೆಸಿ ಉಜ್ಜಿ ಮೊದಲಿನ ಬಣ್ಣಕ್ಕೆ ತರುತ್ತಾರೆ. ಆದರೆ ಹಳೆಯ ರಬ್ಬರ್ ಟ್ಯೂಬನ್ನು ಮಾತ್ರ ಅವರು ಗಿರಾಕಿಯ ಎದುರಿಗೇ ಕತ್ತರಿಸಿ ಎಸೆಯುತ್ತಾರೆ. ಎಷ್ಟೇ ಬೇಡಿಕೊಂಡರೂ ಅದನ್ನು ಮರಳಿ ಜೋಡಿಸಿಕೊಡುವುದಿಲ್ಲ.

ಹಳೆಯ ಒಲೆಯನ್ನು ಉಳಿಸಿಕೊಳ್ಳಬೇಕೆನ್ನುವವರು ಮೊದಲು ಅದು ಉರಿಯುವ ರೀತಿಯನ್ನು ತಿಳಿಯಬೇಕು. ಶಾಲೆಯ ಪ್ರಯೋಗಶಾಲೆಯ ಬುನ್ಸೆನ್ ಬರ್ನರ್ ನಮಗೆಲ್ಲ ನೆನಪಿದೆ. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ 1855ರ ಸುಮಾರಿಗೆ ರೂಪುಗೊಂಡ ಆ ಉಪಕರಣದ ತತ್ತ್ವವೇ ನಮ್ಮ ಅಡುಗೆಮನೆಯಲ್ಲೂ ಇದೆ. 'ಜೆಟ್' ಎಂಬ ಸಣ್ಣ ಹಿತ್ತಾಳೆಯ ತಿರುಪಿನಲ್ಲಿ ಒಂದು ಮಿಲಿಮೀಟರಿಗಿಂತಲೂ ಕಿರಿದಾದ ತೂತಿದೆ. ಅದರಿಂದ ಚಿಮ್ಮುವ ಗ್ಯಾಸು ಪಕ್ಕದ ಕಿಂಡಿಯಿಂದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಎರಡೂ ನಳಿಗೆಯಲ್ಲಿ ಬೆರೆತು ಬರ್ನರಿನ ತೂತುಗಳಲ್ಲಿ ಉರಿಯುತ್ತವೆ. ಗಾಳಿ ಸಾಕಷ್ಟಿದ್ದರೆ ಉರಿ ನೀಲಿ. ಗಾಳಿ ಸಾಲದಿದ್ದರೆ ಉರಿ ಹಳದಿ. ಪಾತ್ರೆಯ ತಳ ಕಪ್ಪಾಗುತ್ತದೆ, ಗ್ಯಾಸು ನಷ್ಟವಾಗುತ್ತದೆ, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯುವೂ ಹುಟ್ಟುತ್ತದೆ. 'ಒಲೆ ಹಾಳಾಯಿತು' ಎಂದು ನಾವು ಎಸೆಯುವ ಒಲೆಗಳಲ್ಲಿ ಎಷ್ಟೋ ಒಲೆಗಳ ರೋಗ ಇಷ್ಟೇ. ಗಾಳಿಯ ಕಿಂಡಿಯಲ್ಲಿ ಮಸಿ ತುಂಬಿರುತ್ತದೆ, ಅಟ್ಟದಲ್ಲಿದ್ದಾಗ ನಳಿಗೆಯೊಳಗೆ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿರುತ್ತದೆ.

ನಮ್ಮ ಅಡಿಕೆ ತೋಟದ ಮನೆಗಳವರು ಇನ್ನೊಂದು ಮಾತನ್ನು ನೆನಪಿಡಬೇಕು. ಗೋಬರ್ ಗ್ಯಾಸಿನ ಒಲೆ ಬೇರೆ, ಸಿಲಿಂಡರಿನ ಒಲೆ ಬೇರೆ. ಸೆಗಣಿಯ ಅನಿಲದಲ್ಲಿ ಶಾಖ ಕಡಿಮೆ. ಅದಕ್ಕೆ ದೊಡ್ಡ ತೂತಿನ ಜೆಟ್ ಬೇಕು. ಆ ಒಲೆಯನ್ನು ಇದ್ದಂತೆಯೇ ಸಿಲಿಂಡರಿಗೆ ಜೋಡಿಸಿದರೆ ಉರಿ ಭುಗಿಲೆದ್ದು ಅಪಾಯವಾದೀತು. ಹಾಗೆಯೇ ಜೆಟ್ಟಿನ ತೂತಿಗೆ ಸೂಜಿ ಹಾಕಿ ಕೆದಕುವುದೂ ತಪ್ಪು. ಅದು ಅಳತೆಯಿಟ್ಟು ಕೊರೆದ ತೂತು. ಕೆದಕಿ ದೊಡ್ಡದಾದರೆ ಒಲೆ ಕೆಟ್ಟಂತೆಯೇ. ಹೊಸ ಜೆಟ್ ಹಾಕಿಸುವುದೇ ಸರಿಯಾದ ದಾರಿ.

ಹಳೆಯ ಒಲೆ ಹುಡುಕುವವರು ಗಮನಿಸಬೇಕಾದ ಸಂಗತಿಗಳು ಹೆಚ್ಚೇನಿಲ್ಲ. ಮೊದಲು ಐ.ಎಸ್.ಐ. ಗುರುತು ಇದೆಯೇ ನೋಡಬೇಕು. ಬರ್ನರ್ ಹಿತ್ತಾಳೆಯದೆಂದರೆ ಅಯಸ್ಕಾಂತ ಹಿಡಿದು ಪರೀಕ್ಷಿಸಬಹುದು. ಹಿತ್ತಾಳೆಗೆ ಅಯಸ್ಕಾಂತ ಅಂಟದು. ಬೀಡಿನ ಭಾಗಗಳಲ್ಲಿ ಬಿರುಕಿರಬಾರದು. ಮೇಲಿನ ತುಕ್ಕನ್ನು ತಂತಿಯ ಬ್ರಷ್ಷಿನಿಂದ ತೆಗೆಯಬಹುದು, ಆದರೆ ತಗಡು ತೂತಾಗಿದ್ದರೆ ಅಂಥ ಒಲೆಯ ಆಸೆ ಬಿಡಬೇಕು. ಗುಂಡಿ ತಿರುಗಿಸಿದರೆ ಸಡಿಲವಾಗಿ ಓಲಾಡಬಾರದು, ಬಿಗಿಯಾಗಿ ಸಿಕ್ಕಿಕೊಳ್ಳಲೂಬಾರದು. ಅದರ ಒಳಗಿನ ಕಾಕನ್ನು ಬಿಚ್ಚಿ ಗ್ರೀಸು ಹಾಕುವುದು ಬಲ್ಲವರ ಕೆಲಸ, ಮನೆಯಲ್ಲಿ ಮಾಡುವ ಕೆಲಸವಲ್ಲ. ರಿಪೇರಿಯ ಬಳಿಕ ಪ್ರತಿಯೊಂದು ಸಂದಿಗೂ ಸಾಬೂನಿನ ನೀರು ಹಚ್ಚಿ ಗುಳ್ಳೆ ಏಳುವುದೇ ಎಂದು ನೋಡಬೇಕು. ಕಡ್ಡಿ ಗೀರಿ ಪರೀಕ್ಷಿಸುವವರು ತಮ್ಮ ಮನೆಗೆ ತಾವೇ ಕೊಳ್ಳಿ ಇಡುತ್ತಾರೆ.

ಇನ್ನು ಹಳೆಯದನ್ನು ಇಟ್ಟುಕೊಳ್ಳಲೇಬಾರದಾದ ವಸ್ತುಗಳು. ರಬ್ಬರ್ ಹಿತ್ತಾಳೆಯಂತೆ ಬಾಳದು. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಬಿರುಕು ಬಿಟ್ಟಿರುತ್ತದೆ. ಸುರಕ್ಷಾ ಟ್ಯೂಬನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕೆಂಬುದು ನಿಯಮ. ಹಳೆಯ ಒಲೆಯ ಜೊತೆಗೆ ಬಂದ ಟ್ಯೂಬನ್ನಾಗಲಿ, ಯಾರದೋ ರೆಗ್ಯುಲೇಟರನ್ನಾಗಲಿ ಬಳಸಕೂಡದು. ಈ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ ನೆಲದ ಮೇಲೆ ಹರಡಿ ಮೂಲೆಯಲ್ಲಿ ನಿಲ್ಲುತ್ತದೆ. ಅದಕ್ಕೆ ತನ್ನದೇ ವಾಸನೆಯಿಲ್ಲ. ನಮ್ಮನ್ನು ಎಚ್ಚರಿಸಲೆಂದೇ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ದ್ರವ್ಯವನ್ನು ಬೆರೆಸಿರುತ್ತಾರೆ. ಆ ವಾಸನೆ ಬಂದೊಡನೆ ದೀಪದ ಸ್ವಿಚ್ಚನ್ನು ಮುಟ್ಟದೆ, ಉರಿಯನ್ನು ಆರಿಸಿ, ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಬೇಕು.

'ಹೊಸ ಒಲೆಯೇ ಅಗ್ಗವಾಗಿ ಸಿಗುವಾಗ ಈ ಗೋಜು ಏಕೆ?' ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಮನೆಬಳಕೆಯ ಗ್ಯಾಸ್ ಒಲೆ ಕನಿಷ್ಠ ನೂರಕ್ಕೆ 68ರಷ್ಟು ಶಾಖವನ್ನು ಪಾತ್ರೆಗೆ ಮುಟ್ಟಿಸಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಆ ಮಟ್ಟ ಮುಟ್ಟದ ಹಳೆಯ ಒಲೆಯನ್ನು ಅಭಿಮಾನಕ್ಕಾಗಿ ಇಟ್ಟುಕೊಂಡರೆ ಸಿಲಿಂಡರಿನ ಲೆಕ್ಕದಲ್ಲಿ ನಷ್ಟವೇ. ಹಳೆಯದೆಲ್ಲವೂ ಒಳ್ಳೆಯದೆಂದು ಹೇಳುವ ಹಟ ನನಗಿಲ್ಲ. ಸ್ವೀಡನ್ನಿನಲ್ಲಿ 1892ರಲ್ಲಿ ಹುಟ್ಟಿದ ಪ್ರೈಮಸ್ ಸ್ಟವ್ವಿನ ವಂಶದ ಹಿತ್ತಾಳೆಯ ಪಂಪ್ ಸ್ಟವ್ವುಗಳು ನೋಡಲು ಎಷ್ಟೇ ಚೆಂದವಿದ್ದರೂ ಅವು ಸಿಡಿದು ಸುಟ್ಟುಹೋದವರ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದಿಲ್ಲವೇ? ಅವು ಕಪಾಟಿನಲ್ಲಿದ್ದರೇ ಚೆಂದ. ಆದರೆ ಆ ಕಾಲದ ಗೃಹಿಣಿಗೆ ಸ್ಟವ್ ಪಿನ್ ಹಾಕಲು ಗೊತ್ತಿತ್ತು, ಚರ್ಮದ ವಾಷರಿಗೆ ತೆಂಗಿನೆಣ್ಣೆ ಸವರಿ ಮೆದು ಮಾಡಲು ಗೊತ್ತಿತ್ತು. ಇಂದಿನ ಒಲೆ ಹೆಚ್ಚು ಸುರಕ್ಷಿತ ನಿಜ. ಅದನ್ನು ಉರಿಸುವ ನಮಗೆ ಅದರ ಒಳಗೇನಿದೆ ಎಂಬ ತಿಳಿವಳಿಕೆ ಮಾತ್ರ ಆ ಗೃಹಿಣಿಗಿದ್ದಷ್ಟೂ ಇಲ್ಲ. ಒಲೆ ಹೊಸದಿರಲಿ ಹಳೆಯದಿರಲಿ, ಮನೆಗೆ ಅಪಾಯ ಬರುವುದು ಈ ಅಜ್ಞಾನದಿಂದ.

ಈ ತಿಳಿವಳಿಕೆ ಮನೆಮನೆಗೆ ಮುಟ್ಟಬೇಕಾದರೆ ಅದು ಮನೆಯ ಭಾಷೆಯಲ್ಲಿರಬೇಕು. ಸಿಲಿಂಡರಿನ ಜೊತೆ ನಮ್ಮ ಮನೆಗೆ ಬಂದ ಸುರಕ್ಷಾ ಸೂಚನೆಯ ಹಾಳೆಯಲ್ಲಿ ಕನ್ನಡದ ಒಂದಕ್ಷರವೂ ಇರಲಿಲ್ಲ. ಮಕ್ಕಳು ಮಲಯಾಳ ಕಲಿತಿರುತ್ತಾರೆ, ಓದಿ ಹೇಳುತ್ತಾರೆ. ಮಕ್ಕಳು ಶಾಲೆಗೆ ಹೋದ ಹೊತ್ತಿನಲ್ಲಿ ಒಲೆಯ ಮುಂದೆ ಇರುವವರು ಕನ್ನಡ ಮಾತ್ರ ಓದಬಲ್ಲ ಅಜ್ಜಿಯರು, ಅತ್ತೆಯರು. ಅವರ ಜೀವ ಅಗ್ಗವೇ? ಭಾಷಾ ಅಲ್ಪಸಂಖ್ಯಾತರ ಹಕ್ಕೆಂದರೆ ಶಾಲೆ ಮತ್ತು ಕಚೇರಿಯ ಮಾತು ಮಾತ್ರವೆಂದು ನಾವು ತಿಳಿದಿದ್ದೇವೆ. ಟ್ಯೂಬು ಯಾವಾಗ ಬದಲಿಸಬೇಕು, ವಾಸನೆ ಬಂದರೆ ಏನು ಮಾಡಬೇಕು ಎಂಬ ನಾಲ್ಕು ಸಾಲು ಕನ್ನಡದಲ್ಲಿರಬೇಕೆಂದು ಕೇಳುವುದೂ ಆ ಹಕ್ಕಿನ ಭಾಗವೇ. ಪ್ರತಿ ಮನೆಯವರೂ ತಮ್ಮ ಗ್ಯಾಸ್ ಏಜೆನ್ಸಿಗೆ ಕನ್ನಡದಲ್ಲೇ ಒಂದು ಪತ್ರ ಬರೆದು ಇದನ್ನು ಕೇಳಬೇಕು.

ನಮ್ಮ ಶಾಲೆಗಳೂ ಸುಮ್ಮನಿರಬಾರದು. ವೃತ್ತಿ ಪರಿಚಯ ಮೇಳಗಳಲ್ಲಿ ನಮ್ಮ ಮಕ್ಕಳು ಕೊಡೆ ಕಟ್ಟುತ್ತಾರೆ, ಚಾಕ್ ಮಾಡುತ್ತಾರೆ, ಅಗರಬತ್ತಿ ಹೊಸೆಯುತ್ತಾರೆ. ಒಳ್ಳೆಯದೇ. ಅದರ ಜೊತೆಗೆ, ಗ್ಯಾಸಿನ ಸಂಪರ್ಕವಿಲ್ಲದ ಒಂದು ಹಳೆಯ ಒಲೆಯನ್ನು ಮೇಜಿನ ಮೇಲಿಟ್ಟು ಬಿಚ್ಚಿ ಜೋಡಿಸಲು ಕಲಿಸಿದರೆ ಏನು ಖರ್ಚು? ಭೌತಶಾಸ್ತ್ರದ ಪಾಠವೂ ಆಯಿತು, ಬದುಕಿನ ಪಾಠವೂ ಆಯಿತು. ಗೋರಂಟ್ಲದ ಆ ಹಿರಿಯರ ಬಳಿ ಕೆಲಸ ಕಲಿಯುವ ಹುಡುಗರು ಈಗ ಇಲ್ಲ. ಇಲ್ಲಿನ ಪೇಟೆಗಳಲ್ಲೂ ಸ್ಟವ್ ರಿಪೇರಿಯ ಅಂಗಡಿಗಳನ್ನು ಹುಡುಕಬೇಕಾಗಿದೆ. ಕೈಕೆಲಸ ಬಲ್ಲವರ ಸಾಲು ಒಮ್ಮೆ ತುಂಡಾದರೆ ಮರಳಿ ಜೋಡಿಸುವುದು ಒಲೆ ಜೋಡಿಸಿದಷ್ಟು ಸುಲಭವಲ್ಲ.

ಆದ್ದರಿಂದ ಓದುಗ ಬಂಧುಗಳಲ್ಲಿ ಇಷ್ಟೇ ಕೇಳಿಕೊಳ್ಳುತ್ತೇನೆ. ಅಟ್ಟದ ಮೇಲಿನ ಒಲೆಯನ್ನು ಕೆಳಗಿಳಿಸಿ ನೋಡಿ. ಹಿತ್ತಾಳೆ ಗಟ್ಟಿಯಿದ್ದರೆ ಬಲ್ಲವರಿಂದ ಸರಿಮಾಡಿಸಿ, ಮದುವೆ ಮುಂಜಿಯ ಹೊತ್ತಿಗೆ ಎರಡನೆಯ ಒಲೆಯಾಗಿ ಬಂದೀತು. ಇಲ್ಲವೇ ಹೊಸದಾಗಿ ಸಂಸಾರ ಹೂಡಿದ ಬಡ ಕುಟುಂಬಕ್ಕೆ ಕೊಡಿ. ತೂತಾಗಿದ್ದರೆ ಸಂಕೋಚವಿಲ್ಲದೆ ಗುಜರಿಗೆ ಹಾಕಿ. ಆದರೆ ಯಾವುದು ಬಾಳುವಂಥದು, ಯಾವುದು ಬದಲಿಸಬೇಕಾದದ್ದು ಎಂದು ತಿಳಿದುಕೊಳ್ಳದೆ ಹಾಕಬೇಡಿ.