ಬರ ತಾಳುವ ಶಕ್ತಿ ಬಾಟಲಿಯಲ್ಲಿದೆಯೆ?

2023ರ ಆಗಸ್ಟ್, 1901ರಿಂದೀಚೆಗೆ ದೇಶ ಕಂಡ ಅತಿ ಕಡಿಮೆ ಮಳೆಯ ಆಗಸ್ಟ್. ಆ ಸಾಲಿನಲ್ಲಿ ನಮ್ಮ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ರಾಗಿ ಪೈರು ಸುರುಳಿ ಸುತ್ತಿಕೊಂಡಿದ್ದ ಆ ದಿನಗಳಲ್ಲಿ ರೈತರೊಬ್ಬರು ಖಾಲಿ ಬಾಟಲಿ ಹಿಡಿದು ನನ್ನ ಬಳಿ ಬಂದರು. ಬರ ತಾಳುವ ಟಾನಿಕ್ಕೆಂದು ಅಂಗಡಿಯಲ್ಲಿ ಕೊಟ್ಟಿದ್ದರಂತೆ. ಎರಡು ಸಲ ಸಿಂಪಡಿಸಿದರೂ ಎಲೆ ಬಿಚ್ಚಿರಲಿಲ್ಲ. ರಶೀದಿ ಕೇಳಿದೆ, ಇರಲಿಲ್ಲ.

ಎಲೆ ಸುರುಳಿಯಾಗುವುದು ರೋಗವಲ್ಲ. ಬಿಸಿಲಿಗೆ ಒಡ್ಡುವ ಮೈಯನ್ನು ಪೈರು ಕಿರಿದು ಮಾಡಿಕೊಳ್ಳುವ ಉಪಾಯ. ಮಣ್ಣು ಒಣಗುತ್ತಿದ್ದಂತೆ ಗಿಡದೊಳಗೆ ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಹೆಚ್ಚುತ್ತದೆ. ಅದು ಎಲೆಯ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಸಿ ನೀರು ಆವಿಯಾಗುವುದನ್ನು ತಡೆಯುತ್ತದೆ. ಜೀವಕೋಶಗಳಲ್ಲಿ ಪ್ರೋಲಿನ್ ಮುಂತಾದ ವಸ್ತುಗಳು ಶೇಖರವಾಗಿ ಇದ್ದ ನೀರನ್ನು ಹಿಡಿದಿಡುತ್ತವೆ. ಆದರೆ ರಂಧ್ರ ಮುಚ್ಚಿದರೆ ಇಂಗಾಲದ ಡೈಆಕ್ಸೈಡ್ ಒಳಬರುವುದೂ ತಗ್ಗುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಪೈರು ಆಗ ಮಳೆಗೆ ಕಾಯುತ್ತಿರುತ್ತದೆ, ಅಷ್ಟೆ. ಸಮುದ್ರ ಪಾಚಿಯ ರಸ, ಅಮೈನೋ ಆಮ್ಲಗಳನ್ನು ಒಣಹವೆಗೆ ಮೊದಲೇ ಸಿಂಪಡಿಸಿದಾಗ ಕೆಲವು ಬೆಳೆಗಳಲ್ಲಿ ಈ ರಕ್ಷಣೆಗೆ ನೆರವಾಗುವುದುಂಟು. ಬೇರಿಗೆ ತೇವವೇ ಇಲ್ಲದ ಮೇಲೆ ಸಿಂಪಡಿಸಿದ್ದು ನೀರಿನ ಕೆಲಸ ಮಾಡದು.

ಇಂಥ ಜೈವಿಕ ಉತ್ತೇಜಕಗಳನ್ನು ಕೇಂದ್ರ ಸರ್ಕಾರ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ತಂದದ್ದು 2021ರಲ್ಲಿ. ತಾತ್ಕಾಲಿಕ ನೋಂದಣಿಯ ಅವಧಿ 2025ರ ಜೂನ್ 16ಕ್ಕೆ ಮುಗಿಯಿತು. ಹಿಂದೆ ಸುಮಾರು 30,000 ಉತ್ಪನ್ನಗಳು ತಪಾಸಣೆಯಿಲ್ಲದೆ ಮಾರಾಟವಾಗುತ್ತಿದ್ದವು, ಬಿಗಿ ಕ್ರಮದ ನಂತರ 650ರಷ್ಟು ಉಳಿದಿವೆ ಎಂದು ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಆ ಜುಲೈನಲ್ಲಿ ಹೇಳಿದರು. ಇಷ್ಟು ವರ್ಷ ರೈತರ ಹಣ ಎಲ್ಲಿ ಹೋಯಿತೆಂಬುದಕ್ಕೆ ಈ ಎರಡು ಅಂಕಿಗಳೇ ಸಾಕು. ತಪ್ಪು ರೈತರದೆಂದು ನಾನು ಹೇಳಲಾರೆ. ಯೂರಿಯಾ ಬೇಕಾದರೆ ಬಾಟಲಿಯನ್ನೂ ಒಯ್ಯಿರಿ ಎನ್ನುವ ಅಂಗಡಿಗಳಿವೆ. ಹಾಗೆ ಹೊರಿಸಿದರೆ ಬೇಡವೆನ್ನಿ, ರೈತ ಸಂಪರ್ಕ ಕೇಂದ್ರಕ್ಕೆ ದೂರು ಕೊಡಿ. ಕೊಳ್ಳಲೇಬೇಕೆಂದಿದ್ದರೆ ಚೀಟಿಯಲ್ಲಿ ನಿಮ್ಮ ಬೆಳೆಯ ಹೆಸರಿದೆಯೆ ನೋಡಿ, ರಶೀದಿ ಪಡೆಯಿರಿ.

ಖುಷ್ಕಿ ರಾಗಿಗೆ ಖರ್ಚಿಲ್ಲದ ದಾರಿಯೊಂದಿದೆ. ಕಿಲೋ ಬೀಜಕ್ಕೆ ಒಂದು ಲೀಟರ್ ನೀರಿನಂತೆ 6 ಗಂಟೆ ನೆನೆಸಿ, ಬಸಿದು, ಒದ್ದೆ ಬಟ್ಟೆಯಲ್ಲಿ 2 ದಿನ ಬಿಗಿಯಾಗಿ ಕಟ್ಟಿಡಿ. ಮೊಳಕೆ ಇಣುಕುವಷ್ಟರಲ್ಲಿ ತೆಗೆದು ನೆರಳಿನಲ್ಲಿ 2 ದಿನ ಒಣಗಿಸಿ ಬಿತ್ತಿರಿ. ಇಂಥ ಬೀಜದ ಎಳೆ ಪೈರು ಒಣಹವೆಯನ್ನು ಚೆನ್ನಾಗಿ ತಾಳುತ್ತದೆ. ಮಳೆ ಕೈಕೊಟ್ಟ ವಾರದಲ್ಲಿ ಎಡೆಕುಂಟೆ ಹಾಯಿಸಿದರೆ ಮೇಲ್ಮಣ್ಣು ಸಡಿಲವಾಗಿ ತಳದ ತೇವ ಉಳಿಯುತ್ತದೆ.