ಇದಾವ ಹಿಟ್ಟು?

ನಮ್ಮ ಬೀದಿಯಲ್ಲಿ ಚಟ್ನಿಪುಡಿ, ಸಾರಿನಪುಡಿಗಳ ವ್ಯಾಪಾರ ಮಾಡುವ ಹಿರಿಯರೊಬ್ಬರು ಮೊನ್ನೆ ಕಾಗದವೊಂದನ್ನು ಹಿಡಿದು ನಮ್ಮ ಮನೆಗೆ ಬಂದರು. ಯಾವುದೋ ಜಾಲತಾಣದವರು ಜಾಹೀರಾತು ಬೇಡಿ ಬರೆದ ಪತ್ರವದು. “ತಿಂಗಳಿಗೆ ಹತ್ತು ಲಕ್ಷ ಹಿಟ್ ಎಂದು ಬರೆದಿದ್ದಾರಲ್ಲ ಮೇಷ್ಟ್ರೇ! ನನಗೆ ಗೊತ್ತಿರುವುದು ಅಕ್ಕಿಹಿಟ್ಟು, ಕಡಲೆಹಿಟ್ಟು. ಇದಾವ ಹಿಟ್ಟು?” ಎಂದರು.

ಕೇಳಿದ್ದು ವಿನೋದಕ್ಕೆ, ಆದರೆ ಆರು ತಿಂಗಳ ಉಳಿತಾಯವನ್ನು ಆ ಅಂಕಿಯ ಮೇಲೆ ಸುರಿಯಬೇಕೋ ಬೇಡವೋ ಎಂಬ ಚಿಂತೆ ಅದರೊಳಗಿತ್ತು.

ಜಾಲತಾಣದ ಪುಟವೊಂದನ್ನು ತೆರೆದಾಗ ಬರಹ, ಚಿತ್ರ, ಲಾಂಛನಗಳು ಬೇರೆಬೇರೆ ಕಡತಗಳಾಗಿ ಬರುತ್ತವೆ. ಒಂದೊಂದು ಕಡತಕ್ಕೂ ಒಂದು ಹಿಟ್. ಇಪ್ಪತ್ತು ಚಿತ್ರಗಳ ಪುಟವನ್ನು ಒಬ್ಬನೇ ಒಂದೇ ಸಲ ನೋಡಿದರೂ ಇಪ್ಪತ್ತಕ್ಕೆ ಮಿಕ್ಕ ಹಿಟ್. ಮನೆಗೆ ಬಂದ ನೆಂಟನನ್ನು ಅವನ ಕೊಡೆ, ಚೀಲ, ಎರಡು ಚಪ್ಪಲಿಗಳ ಸಹಿತ ಐದು ಮಂದಿಯೆಂದು ಎಣಿಸಿ ಎಲೆ ಹಾಕಿದಂತೆ! ಹಾಗಾದರೆ ಬೇರೆಬೇರೆ ಸಂದರ್ಶಕರೆಷ್ಟು ಎಂದು ಕೇಳೋಣವೆಂದರೆ, ಅದೂ ಚೊಕ್ಕ ಲೆಕ್ಕವಲ್ಲ. ಎಣಿಕೆಯವರು ಸಾಮಾನ್ಯವಾಗಿ ಗುರುತಿಸುವುದು ಯಂತ್ರವನ್ನು, ಮನುಷ್ಯನನ್ನಲ್ಲ. ಬೆಳಗ್ಗೆ ಮೊಬೈಲಿನಲ್ಲಿಯೂ ಮಧ್ಯಾಹ್ನ ಕಚೇರಿಯ ಕಂಪ್ಯೂಟರಿನಲ್ಲಿಯೂ ನೋಡಿದವನು ಇಬ್ಬರಾಗಿಬಿಡುತ್ತಾನೆ.

ಪತ್ರಿಕೆಗಳ ಲೋಕಕ್ಕೆ ಈ ತಕರಾರು ಹೊಸದಲ್ಲ. ತನ್ನ ಪ್ರಸಾರವನ್ನು ತಾನೇ ಸಾರುವ ಪ್ರಕಾಶಕನನ್ನು ನಂಬುವವರಾರು? ಅದಕ್ಕೆಂದೇ ಅಮೆರಿಕದಲ್ಲಿ 1914ರಲ್ಲಿಯೂ ನಮ್ಮ ದೇಶದಲ್ಲಿ 1948ರಲ್ಲಿಯೂ ‘ಆಡಿಟ್ ಬ್ಯೂರೋ ಆಫ್ ಸರ್ಕ್ಯುಲೇಷನ್ಸ್’ ಹುಟ್ಟಿತು. ಕೊಡುವವನೂ ಕೊಳ್ಳುವವನೂ ಒಪ್ಪಿದ ಮೂರನೆಯವನೊಬ್ಬನು ಲೆಕ್ಕ ನೋಡುವ ಏರ್ಪಾಡು ಅದು.

ಅಂತರ್ಜಾಲಕ್ಕೂ ಅಂಥ ತಪಾಸಕರಿದ್ದಾರೆ. ಅವರ ಪಾಡು ಮಾತ್ರ ಕಷ್ಟದ್ದು. ಜನರು ವಿಡಿಯೊಗಳನ್ನು ನೋಡುವ ಸರಾಸರಿ ಕಾಲವನ್ನು ತಾನು ಹಿಗ್ಗಿಸಿ ಹೇಳಿದ್ದಾಗಿ ಫೇಸ್‌ಬುಕ್ ಸಂಸ್ಥೆ 2016ರಲ್ಲಿ ಒಪ್ಪಿಕೊಂಡಿತು. ಮೂರು ಸೆಕೆಂಡಿನೊಳಗೆ ಮುಖ ತಿರುಗಿಸಿದವರನ್ನು ಅದು ಲೆಕ್ಕಕ್ಕೇ ಹಿಡಿದಿರಲಿಲ್ಲ. ನಪಾಸಾದವರನ್ನು ಬಿಟ್ಟು ತರಗತಿಯ ಸರಾಸರಿ ತೆಗೆಯುವುದಾದರೆ ನನ್ನಂಥ ಅಧ್ಯಾಪಕನೂ ಮಹಾನುಭಾವನೇ!

ಅದು ತಪ್ಪೆಣಿಕೆ. ‘ಮೆಥ್‌ಬಾಟ್’ ಎಂಬುದು ಶುದ್ಧ ಮೋಸ. 2014ರಿಂದ 2016ರವರೆಗೆ ಒಂದು ಕೂಟದವರು ಅಮೆರಿಕದ ಡಲ್ಲಾಸ್ ಮೊದಲಾದೆಡೆಗಳಲ್ಲಿ 1,900ಕ್ಕೂ ಮಿಕ್ಕ ಸರ್ವರ್ ಯಂತ್ರಗಳನ್ನು ಬಾಡಿಗೆಗೆ ಹಿಡಿದು, ಅವುಗಳನ್ನೇ ಪ್ರೇಕ್ಷಕರನ್ನಾಗಿ ಕೂರಿಸಿದರು. ಆ ಯಂತ್ರಗಳು ಮೌಸ್ ಆಡಿಸಿದಂತೆ ನಟಿಸುತ್ತಿದ್ದವು, ಪುಟ ಸರಿಸುತ್ತಿದ್ದವು, ಬೇಸರ ಬಂದ ಮನುಷ್ಯನ ಹಾಗೆ ವಿಡಿಯೊವನ್ನು ನಡುವೆಯೇ ನಿಲ್ಲಿಸುತ್ತಿದ್ದವು. ಬೇಸರವನ್ನು ಕೂಡ ನಕಲು ಮಾಡಿದ ಆ ಜಾಣ್ಮೆಗೆ ಏನೆನ್ನೋಣ? ಜಾಹೀರಾತುದಾರರು ತೆತ್ತದ್ದು 70 ಲಕ್ಷ ಡಾಲರಿಗೂ ಹೆಚ್ಚು. ಕೂಟದ ಮುಖಂಡನಿಗೆ 2021ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವು 10 ವರ್ಷಗಳ ಸೆರೆವಾಸ ವಿಧಿಸಿತು.

ಇಷ್ಟನ್ನೂ ಕೇಳಿಸಿಕೊಂಡ ಹಿರಿಯರು ಮರುದಿನ ಜಾಲತಾಣದವರಿಗೆ ಫೋನು ಮಾಡಿ, “ನಿಮ್ಮ ಲೆಕ್ಕ ನೋಡಿದ ಮೂರನೆಯವರು ಯಾರು ಸ್ವಾಮಿ?” ಎಂದು ವಿಚಾರಿಸಿದರಂತೆ. ಉತ್ತರವಾಗಿ ಬಂದದ್ದು ಶೇಕಡಾ 15ರ ರಿಯಾಯಿತಿ.