ಹಂದಿಗೋಡು ಕಾಯಿಲೆ: ಶಾಪವಲ್ಲ, ಅಂಟುರೋಗವೂ ಅಲ್ಲ

“ಸರ್, ಅಪ್ಪನ ಮೂಗು ಮಗನಿಗೆ ಬರುತ್ತದೆ. ಹಾಗೆಯೇ ಅಪ್ಪನ ಕಾಯಿಲೆಯೂ ಬರುತ್ತದಾ?”

ಸುಳ್ಯದಿಂದ ಅಜ್ಜಾವರಕ್ಕೆ ಹೋಗುವ ಬಸ್ಸಿನಲ್ಲಿ ಹೈಸ್ಕೂಲು ಹುಡುಗನೊಬ್ಬ ಕೇಳಿದ ಪ್ರಶ್ನೆ ಇದು. ತರಗತಿಯಲ್ಲಿ ಮೆಂಡೆಲ್‌ನ ಬಟಾಣಿ ಗಿಡಗಳ ಪಾಠ ಆಗಿತ್ತಂತೆ. ಪಕ್ಕದಲ್ಲಿದ್ದ ಅವನ ಅಜ್ಜ, “ಕಾಯಿಲೆ ಬರುವುದು ಅವರವರ ಹಣೆಬರಹ” ಎಂದು ಮಾತು ಮುಗಿಸಿಬಿಟ್ಟರು. ಆದರೆ ಪ್ರಶ್ನೆ ಅಷ್ಟು ಸುಲಭದಲ್ಲಿ ಮುಗಿಯುವಂಥದ್ದಲ್ಲ.

ಅಡಿಕೆ ಬೆಳೆಯುವವರಿಗೆ ಇದರ ಅರ್ಧ ಉತ್ತರ ಗೊತ್ತೇ ಇದೆ. ಬೀಜಕ್ಕೆ ಅಡಿಕೆ ಆರಿಸುವಾಗ ಒಳ್ಳೆಯ ಫಸಲು ಕೊಡುವ ತಾಯಿಮರವನ್ನೇ ನಾವು ಹುಡುಕುತ್ತೇವೆ. ಮರದ ಗುಣ ಬೀಜದ ಮೂಲಕ ಸಸಿಗೆ ಬರುತ್ತದೆ ಎಂಬುದು ಅದರ ಹಿಂದಿನ ತಿಳಿವಳಿಕೆ. ಹಳದಿ ಎಲೆ ರೋಗದ ಕಥೆ ಬೇರೆ. ಅದು ಸೂಕ್ಷ್ಮಜೀವಿಯಿಂದ ಹರಡುವ ರೋಗ. ಮನುಷ್ಯರ ಕಾಯಿಲೆಗಳಲ್ಲೂ ಹೀಗೆ ಹೊರಗಿನಿಂದ ಬರುವವು ಕೆಲವು, ಹುಟ್ಟಿನೊಂದಿಗೇ ಬರುವವು ಕೆಲವು. ಎರಡನೆಯ ಗುಂಪಿಗೆ ಸೇರಿದ ಒಂದು ಕಾಯಿಲೆಗೆ ನಮ್ಮ ಕರ್ನಾಟಕದ ಹಳ್ಳಿಯೊಂದರ ಹೆಸರೇ ಇದೆ. ಅದು ಶಿವಮೊಗ್ಗ ಜಿಲ್ಲೆ ಸಾಗರ ತಾಲೂಕಿನ ಹಂದಿಗೋಡು.

1970ರ ದಶಕದ ಮಧ್ಯದಲ್ಲಿ ಈ ಊರಿನ ಕೆಲವು ಬಡ ಕೂಲಿ ಕುಟುಂಬಗಳಲ್ಲಿ ವಿಚಿತ್ರ ಬೇನೆಯೊಂದು ವೈದ್ಯರ ಕಣ್ಣಿಗೆ ಬಿತ್ತು. ಸೊಂಟ ಮತ್ತು ಮೊಣಕಾಲಿನಲ್ಲಿ ವಿಪರೀತ ನೋವು, ಓಲಾಡುವ ನಡಿಗೆ, ಕೆಲವರಿಗೆ ಕೋಲಿಲ್ಲದೆ ಎದ್ದು ನಿಲ್ಲಲೂ ಆಗದ ಸ್ಥಿತಿ. ಮುಂದೆ ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಇತರ ಹಳ್ಳಿಗಳಲ್ಲೂ ಇಂಥ ರೋಗಿಗಳು ಕಂಡುಬಂದರು.

ಮೊದಲು ಅನುಮಾನ ಹೋದದ್ದು ವಿಷದ ಕಡೆಗೆ. ಗದ್ದೆಗೆ ಹೊಡೆದ ಕೀಟನಾಶಕ ಏಡಿಯ ಮೈ ಸೇರಿ, ಅದನ್ನು ತಿಂದವರಿಗೆ ಹೀಗಾಯಿತೇ ಎಂದು ಕೇಳಿದವರಿದ್ದರು. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಕಂಡ, ಅದನ್ನು 2011ರಲ್ಲಿ ಸುಪ್ರೀಂ ಕೋರ್ಟ್ ತಡೆಯುವವರೆಗೆ ಕಾದ ನಮ್ಮ ಭಾಗದ ಜನರಿಗೆ ಇಂಥ ಅನುಮಾನ ಸಹಜವೆಂದೇ ತೋರುತ್ತದೆ. ಆದರೆ ಅನುಮಾನವನ್ನು ಪರೀಕ್ಷೆಗೆ ಒಡ್ಡಬೇಕು. ವಿಜ್ಞಾನ ಮಾಡುವುದು ಅದನ್ನೇ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರೂ, ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನ ತಂಡಗಳೂ ಇದರ ಬೆನ್ನು ಹತ್ತಿದವು. ಎಕ್ಸ್‌ರೇ ತೆಗೆದರು. ಮನೆಮನೆಗೆ ಹೋಗಿ ಅಜ್ಜ, ಅಪ್ಪ, ಮಕ್ಕಳು, ಮೊಮ್ಮಕ್ಕಳ ವಂಶವೃಕ್ಷ ಬರೆದುಕೊಂಡರು. ಆಗ ಚಿತ್ರ ಸ್ಪಷ್ಟವಾಯಿತು. ಕಾಯಿಲೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿತ್ತು. ಗಂಡು-ಹೆಣ್ಣು ಎಂಬ ಭೇದ ಅದಕ್ಕಿರಲಿಲ್ಲ. ವಿಷವೇ ಕಾರಣವಾಗಿದ್ದರೆ ಅದು ಹೀಗೆ ವಂಶವೃಕ್ಷದ ಕೊಂಬೆಗಳನ್ನೇ ಹಿಡಿದು ಸಾಗುತ್ತಿರಲಿಲ್ಲ. ಇದು ಮೂಳೆಯ ಬೆಳವಣಿಗೆಗೆ ಸಂಬಂಧಿಸಿದ ಆನುವಂಶಿಕ ಕಾಯಿಲೆ ಎಂಬ ತೀರ್ಮಾನ 1990ರ ದಶಕದಲ್ಲಿ ಗಟ್ಟಿಯಾಯಿತು.

ದೇಹದಲ್ಲಿ ಆಗುವುದೇನು? ಮನೆಯ ಕಡೆಯುವ ಕಲ್ಲನ್ನು ನೆನಪಿಸಿಕೊಳ್ಳಿ. ಗುಂಡುಕಲ್ಲು ಗುಳಿಯೊಳಗೆ ಸರಾಗವಾಗಿ ತಿರುಗಬೇಕಾದರೆ ಎರಡೂ ಒಂದಕ್ಕೊಂದು ಹೊಂದಬೇಕು. ಸೊಂಟದ ಕೀಲೂ ಹಾಗೆಯೇ. ತೊಡೆಮೂಳೆಯ ತುದಿಯ ಗುಂಡು, ಸೊಂಟದ ಮೂಳೆಯ ಗುಳಿಯಲ್ಲಿ ತಿರುಗುತ್ತದೆ. ನಡುವೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಈ ಕಾಯಿಲೆಯಲ್ಲಿ ಮೂಳೆಯ ತುದಿಗಳು ಸರಿಯಾಗಿ ರೂಪುಗೊಳ್ಳುವುದಿಲ್ಲ. ಗುಂಡು ಚಪ್ಪಟೆಯಾಗಿ, ಹೊದಿಕೆ ಬೇಗ ಸವೆದು, ಮುದುಕರಿಗೆ ಬರುವ ಕೀಲುನೋವು ಎಳೆಯ ವಯಸ್ಸಿನಲ್ಲೇ ಬರುತ್ತದೆ. ಕೆಲವರಲ್ಲಿ ಎತ್ತರ ಸರಿಯಾಗಿದ್ದು ಸೊಂಟದ ಕೀಲು ಮಾತ್ರ ಕೆಡುತ್ತದೆ. ಇನ್ನು ಕೆಲವರಲ್ಲಿ ಬೆನ್ನುಮೂಳೆಯೂ ಸೇರಿ ಮುಂಡ ಗಿಡ್ಡವಾಗುತ್ತದೆ. ಮತ್ತೆ ಕೆಲವರು ತೀರಾ ಕುಳ್ಳಾಗಿ, ಕೈಕಾಲುಗಳಲ್ಲೂ ವಿಕಾರ ಕಾಣುತ್ತದೆ. ಬುದ್ಧಿಶಕ್ತಿಗೆ ಮಾತ್ರ ಯಾವ ಕುಂದೂ ಇಲ್ಲ.

ವಿದ್ಯಾರ್ಥಿ ಮಿತ್ರರೇ, ಈಗ ನಿಮ್ಮ ಪಾಠಕ್ಕೆ ಬನ್ನಿ. ನಮ್ಮಲ್ಲಿ ವಂಶವಾಹಿಗಳು ಜೋಡಿಯಾಗಿರುತ್ತವೆ. ಒಂದು ತಾಯಿಯದು, ಇನ್ನೊಂದು ತಂದೆಯದು. ಬಟಾಣಿಯಲ್ಲಿ ಎತ್ತರದ ಗುಣ ಪ್ರಬಲ ಎಂದು ಓದಿದ್ದೀರಿ. ಹಂದಿಗೋಡು ಕಾಯಿಲೆಯಲ್ಲಿ ದೋಷವಿರುವ ವಂಶವಾಹಿಯೇ ಪ್ರಬಲ. ಜೋಡಿಯಲ್ಲಿ ಒಂದು ಕೆಟ್ಟರೂ ರೋಗ ಬರುತ್ತದೆ. ತಂದೆ-ತಾಯಿಯರಲ್ಲಿ ಒಬ್ಬರಿಗೆ ಹೀಗೆ ಒಂದು ದೋಷವಿದ್ದರೆ, ಪ್ರತಿ ಮಗುವಿಗೂ ಅದು ಬರುವ ಸಂಭವ ಶೇಕಡಾ 50. ನಾಣ್ಯ ಚಿಮ್ಮಿದ ಹಾಗೆ. ಇದರರ್ಥ ನಾಲ್ಕು ಮಕ್ಕಳಲ್ಲಿ ಸರಿಯಾಗಿ ಇಬ್ಬರಿಗೆ ಬರುತ್ತದೆ ಎಂದಲ್ಲ. ಪ್ರತಿ ಸಲವೂ ನಾಣ್ಯ ಹೊಸದಾಗಿಯೇ ಬೀಳುತ್ತದೆ. ನಾಲ್ವರಿಗೂ ಬರಬಹುದು, ಯಾರಿಗೂ ಬಾರದಿರಬಹುದು. ದೋಷ ಬಾರದೆ ಹುಟ್ಟಿದ ಮಗು ಅದನ್ನು ಮುಂದಿನ ಪೀಳಿಗೆಗೆ ದಾಟಿಸುವುದೂ ಇಲ್ಲ.

ಇದನ್ನು ಹೆತ್ತವರು ವಿಶೇಷವಾಗಿ ಗಮನಿಸಬೇಕು. ಇಂಥ ಮನೆಗಳ ಮೇಲೆ ಬೀಳುವ ಹೊರೆ ನೋವಿನದು ಮಾತ್ರವಲ್ಲ. “ಅವರಿಗೆ ಶಾಪವಿದೆ”, “ಆ ಮನೆಯ ನೀರು ಕುಡಿಯಬೇಡ” ಎಂಬ ಮಾತುಗಳದ್ದೂ ಹೌದು. ಜತೆಯಲ್ಲಿ ಕುಳಿತು ಉಂಡರೆ, ಒಂದೇ ಬೆಂಚಿನಲ್ಲಿ ಕುಳಿತರೆ ಈ ಕಾಯಿಲೆ ಅಂಟುವುದಿಲ್ಲ. ತಾಯಿ ಬಸುರಿಯಲ್ಲಿ ಏನೋ ತಿಂದದ್ದರಿಂದ ಬಂದದ್ದೂ ಅಲ್ಲ. ಮಗುವಿನ ಪಾಲಿಗೆ ಯಾವ ವಂಶವಾಹಿ ಬರಬೇಕೆಂದು ಆರಿಸುವ ಶಕ್ತಿ ಅಮ್ಮನಿಗೂ ಇಲ್ಲ, ಅಪ್ಪನಿಗೂ ಇಲ್ಲ. ಹಾಗಿರುವಾಗ ಸೊಸೆಯನ್ನು ದೂರುವುದರಲ್ಲಿ ಅರ್ಥವೇನಿದೆ?

ಮೂಲದಿಂದ ಕಿತ್ತುಹಾಕುವ ಔಷಧಿ ಇದಕ್ಕಿಲ್ಲ. ಆದರೆ ನೋವು ಕಡಿಮೆ ಮಾಡುವ ಮದ್ದು, ತಜ್ಞರು ಹೇಳಿಕೊಡುವ ವ್ಯಾಯಾಮ, ತೀರಾ ಸವೆದ ಸೊಂಟದ ಕೀಲನ್ನು ಬದಲಾಯಿಸುವ ಶಸ್ತ್ರಚಿಕಿತ್ಸೆ ಇವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಚಲನ ವೈಕಲ್ಯ ಮತ್ತು ಕುಬ್ಜತೆ ಎರಡಕ್ಕೂ ಮಾನ್ಯತೆ ಇದೆ. ಎಳೆಯ ಮಗು ಕುಂಟುತ್ತಿದ್ದರೆ, ಸೊಂಟ ನೋವೆಂದು ಪದೇ ಪದೇ ಅತ್ತರೆ “ಶಾಲೆ ತಪ್ಪಿಸುವ ನೆಪ” ಎಂದು ಗದರಬೇಡಿ. ಮೂಳೆ ತಜ್ಞರಿಗೆ ತೋರಿಸಿ. ಕುಟುಂಬದಲ್ಲಿ ಯಾರಿಗಾದರೂ ಹೀಗಿತ್ತೇ ಎಂದು ವೈದ್ಯರು ಕೇಳಿದಾಗ ಮುಚ್ಚಿಡಬೇಡಿ. ಮದುವೆ ಮಾತುಕತೆ ಕೆಟ್ಟೀತೆಂಬ ಭಯದಲ್ಲಿ ಅಡಗಿಸಿದ ಸತ್ಯ, ಮುಂದೆ ಮಗುವಿನ ಚಿಕಿತ್ಸೆಗೇ ಅಡ್ಡಿಯಾದೀತು.

ಬಸ್ಸಿನ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: “ಕೆಲವು ಕಾಯಿಲೆ ಬರುತ್ತದೆ ಮಗಾ. ಆದರೆ ಮೂಗಿನ ಹಾಗೆ ಅದೂ ಯಾರ ತಪ್ಪಿನಿಂದಲೂ ಬರುವುದಲ್ಲ.” ಅಜ್ಜ ಏನೂ ಹೇಳಲಿಲ್ಲ. ಇಳಿಯುವ ಮುಂಚೆ ಮಾತ್ರ ಮೊಮ್ಮಗನ ಕಡೆ ತಿರುಗಿ, “ಆ ಬಟಾಣಿಯ ಪಾಠ ನನಗೂ ಒಮ್ಮೆ ಓದಿ ಹೇಳು” ಎಂದರು.